ಕೊಳಕುಮಂಡಲದ ವಿಷ, ನೀಲಿ ಮುಚ್ಚಳದ ಟ್ಯೂಬು

ರಾತ್ರಿ ಪಾಳಿಯಲ್ಲಿ ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೊರಟವರಿಗೆ ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಮನೆಯವರು ಹೇಳುವ ಮಾತು ಒಂದೇ: ಬ್ಯಾಟರಿ ತಗೊಂಡು ಹೋಗು, ಕಾಲಡಿ ನೋಡ್ಕೊಂಡು ನಡಿ. ಒಣಗಿದ ತರಗಿನ ಬಣ್ಣಕ್ಕೇ ಹೊಂದಿಕೊಂಡು ಸುರುಳಿ ಸುತ್ತಿ ಮಲಗುವ ಕೊಳಕುಮಂಡಲ ಕಣ್ಣಿಗೆ ಬೀಳುವುದು ಕಷ್ಟ. ಅದು ಕಚ್ಚಿ ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಮಾಡುವ ಪರೀಕ್ಷೆಗೆ ಯಂತ್ರ ಬೇಕಿಲ್ಲ. ಒಣಗಿದ, ಶುಚಿಯಾದ ಗಾಜಿನ ಟ್ಯೂಬಿಗೆ 2 ಮಿಲಿ ರಕ್ತ ಹಾಕಿ, 20 ನಿಮಿಷ ಅಲ್ಲಾಡಿಸದೆ ಇಟ್ಟು, ಆಮೇಲೆ ಒಂದು ಸಲ ಓರೆ ಮಾಡಿ ನೋಡುತ್ತಾರೆ. ರಕ್ತ ಗಟ್ಟಿಯಾಗಿ ಕೂತಿದ್ದರೆ ಸದ್ಯಕ್ಕೆ ಸಮಾಧಾನ. ನೀರಿನಂತೆ ಹರಿದರೆ ವಿಷ ರಕ್ತದಲ್ಲಿ ಕೆಲಸ ಶುರುಮಾಡಿದೆ ಎಂದರ್ಥ, ಪ್ರತಿವಿಷ ಏರಿಸಲೇಬೇಕು.

ಇದೇ ಹಾವಿನ ವಿಷ ದೊಡ್ಡ ಪ್ರಯೋಗಾಲಯಗಳ ಫ್ರಿಜ್ಜಿನಲ್ಲೂ ಇರುತ್ತದೆ, ಒಣಗಿಸಿದ ಪುಡಿಯಾಗಿ, ಪುಟ್ಟ ಬಾಟಲಿಯಲ್ಲಿ. ಅಲ್ಲಿ ಅದು ಕೊಲ್ಲುವುದಿಲ್ಲ. ಮೇಲಿಂದ ಮೇಲೆ ಗರ್ಭ ಕಳೆದುಕೊಂಡ ಹೆಣ್ಣುಮಗಳಿಗೆ, ಮೂವತ್ತರ ಪ್ರಾಯದಲ್ಲೇ ಕಾಲಿನ ರಕ್ತನಾಳ ಕಟ್ಟಿಕೊಂಡ ಗಂಡಸಿಗೆ ಕಾರಣ ಹುಡುಕಿಕೊಡುತ್ತದೆ. ಆ ಪರೀಕ್ಷೆಯ ಹೆಸರು ಲೂಪಸ್ ಆ್ಯಂಟಿಕೋಯಾಗ್ಯುಲೆಂಟ್. ಅದು ನಡೆಯುವ ಬಗೆಯನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕಾರಣವಿದೆ. ಈ ಪರೀಕ್ಷೆ ಹಾಳಾಗುವುದು ಬಹಳ ಸಲ ಯಂತ್ರದ ಮುಂದೆ ಅಲ್ಲ. ರಕ್ತ ತೆಗೆದ ಜಾಗಕ್ಕೂ ಯಂತ್ರಕ್ಕೂ ನಡುವಿನ ದಾರಿಯಲ್ಲಿ, ಮೊದಲ ಕೆಲವೇ ಗಂಟೆಗಳಲ್ಲಿ. ಆ ದಾರಿ ನಮ್ಮ ತಾಲ್ಲೂಕುಗಳಿಗೆ ಉದ್ದ.

ಮೊದಲು ಹೆಸರಿನ ತೊಡಕು ಬಿಡಿಸೋಣ. ಈ ಹೆಸರು ಎರಡು ಕಡೆ ದಾರಿ ತಪ್ಪಿಸುತ್ತದೆ. 1952ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಕಾನ್ಲೆ ಮತ್ತು ಹಾರ್ಟ್‌ಮನ್ ಎಂಬ ವೈದ್ಯರು ಲೂಪಸ್ ಎಂಬ ಕಾಯಿಲೆಯ ಇಬ್ಬರು ರೋಗಿಗಳ ರಕ್ತ ಟ್ಯೂಬಿನಲ್ಲಿ ತಡವಾಗಿ ಹೆಪ್ಪುಗಟ್ಟುವುದನ್ನು ಕಂಡರು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿ ಬೀಳುವ ಕಾಯಿಲೆ ಲೂಪಸ್. ಹಾಗಾಗಿ, ಲೂಪಸ್ ರೋಗಿಗಳಲ್ಲಿ ಕಂಡ, ಹೆಪ್ಪುಗಟ್ಟದಂತೆ ತಡೆಯುವ ವಸ್ತು ಎಂಬ ಅರ್ಥದಲ್ಲಿ 1972ರಲ್ಲಿ ಈ ಹೆಸರು ನಿಂತುಬಿಟ್ಟಿತು. ಆದರೆ ಇದು ಪಾಸಿಟಿವ್ ಬಂದವರಲ್ಲಿ ಬಹುಪಾಲು ಮಂದಿಗೆ ಲೂಪಸ್ ಇರುವುದೇ ಇಲ್ಲ. ಟ್ಯೂಬಿನಲ್ಲಿ ಹೆಪ್ಪು ತಡೆಯುವ ಈ ವಸ್ತು ಮೈಯೊಳಗೆ ಮಾಡುವುದು ತದ್ವಿರುದ್ಧ ಕೆಲಸ: ಅಲ್ಲಿ ಹೆಪ್ಪುಗಟ್ಟಿಸುತ್ತದೆ. 1963ರಲ್ಲೇ ಬೋವಿ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಈ ವಿಚಿತ್ರವನ್ನು ಗಮನಿಸಿದ್ದರು. 1983ರ ಸುಮಾರಿಗೆ ಲಂಡನ್ನಿನ ಗ್ರಹಾಂ ಹ್ಯೂಸ್ ಅವರ ತಂಡ ರಕ್ತನಾಳ ಕಟ್ಟುವುದು, ಗರ್ಭ ಇಳಿಯುವುದು, ರಕ್ತದಲ್ಲಿನ ಈ ವಸ್ತು, ಅಂದರೆ ರಕ್ಷಣಾ ವ್ಯವಸ್ಥೆ ತಯಾರಿಸುವ ಪ್ರತಿಕಾಯಗಳು, ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿತು. ಇಂದು ಆ ಕಾಯಿಲೆಯನ್ನು ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎನ್ನುತ್ತಾರೆ.

ರಿಪೋರ್ಟಿನಲ್ಲಿ ಹೆಸರು ನೋಡಿ "ನನಗೆ ಲೂಪಸ್ ಬಂತಾ ಡಾಕ್ಟ್ರೇ" ಎಂದು ಕಂಗಾಲಾಗುವವರಿಗೂ, "ರಕ್ತ ತೆಳ್ಳಗಿದೆ ಅಂತ ಬಂದಿದೆ, ಇನ್ನು ಮಾತ್ರೆ ಯಾಕೆ" ಎಂದು ಮಾತ್ರೆ ಬಿಡುವವರಿಗೂ ಇಷ್ಟು ತಿಳಿದಿರಬೇಕು. ಎರಡನೆಯ ತಪ್ಪು ಜೀವಕ್ಕೇ ಅಪಾಯ.

ಯಾರಿಗೆ ಬೇಕು ಈ ಪರೀಕ್ಷೆ? ಕೆ.ಆರ್.ಪೇಟೆ ತಾಲ್ಲೂಕಿನ ಕಿಕ್ಕೇರಿ ಕಡೆಯ ಒಬ್ಬ ಹೆಣ್ಣುಮಗಳು ಎಂದುಕೊಳ್ಳಿ. ಮದುವೆಯಾಗಿ ಐದು ವರ್ಷ, ಮೂರು ಸಲ ಬಸಿರು, ಮೂರೂ ಸಲ ಎರಡು ತಿಂಗಳು ದಾಟುವ ಹೊತ್ತಿಗೆ ಹೋಯಿತು. "ಯಾಕೋ ನಿಲ್ತಾನೇ ಇಲ್ಲ ಕಣವ್ವ" ಎಂದು ಅತ್ತೆ ನಿಟ್ಟುಸಿರಿಡುತ್ತಾರೆ. ಹರಕೆ ಆಯಿತು, ನಿಮಿಷಾಂಬೆಗೆ ಹೋಗಿ ಬಂದದ್ದೂ ಆಯಿತು. ಹರಕೆ ತಪ್ಪಲ್ಲ. ಅದರ ಜೊತೆಗೆ ಒಂದು ರಕ್ತ ಪರೀಕ್ಷೆಯೂ ಆಗಬೇಕಿತ್ತು. ಹತ್ತು ವಾರದೊಳಗೆ ಮೂರು ಸಲ ಗರ್ಭ ಹೋದವರು, ಹತ್ತು ವಾರ ದಾಟಿದ ಮೇಲೆ ಸರಿಯಾಗಿ ಬೆಳೆದಿದ್ದ ಮಗು ಹೊಟ್ಟೆಯಲ್ಲೇ ತೀರಿಕೊಂಡವರು, 34 ವಾರಕ್ಕೂ ಮುಂಚೆ ಬಿ.ಪಿ. ವಿಪರೀತ ಏರಿ ಹೆರಿಗೆ ಮಾಡಿಸಬೇಕಾಗಿ ಬಂದವರು ಇದನ್ನು ಕೇಳಿ ಮಾಡಿಸಿಕೊಳ್ಳಬೇಕು. ಐವತ್ತರೊಳಗಿನ ವಯಸ್ಸಿನಲ್ಲಿ, ಮೂಳೆ ಮುರಿತ, ದೊಡ್ಡ ಆಪರೇಷನ್‌ನಂಥ ಕಾರಣವಿಲ್ಲದೆ ಕಾಲಿನ ಆಳದ ನಾಳದಲ್ಲೋ ಶ್ವಾಸಕೋಶದಲ್ಲೋ ಹೆಪ್ಪು ಕೂತವರಿಗೆ, ಚಿಕ್ಕ ವಯಸ್ಸಿಗೇ ಲಕ್ವ ಹೊಡೆದವರಿಗೆ, ಲೂಪಸ್ ಇದೆಯೆಂದು ಗೊತ್ತಾದವರಿಗೆ ಇದು ಬೇಕು.

ಬಾಣಂತಿಯರ ವಿಷಯ ಬೇರೆಯಾಗಿಯೇ ಹೇಳಬೇಕು. ಹೆರಿಗೆಯಾದ ಮೊದಲ ವಾರಗಳಲ್ಲಿ ತಡೆಯಲಾಗದ ತಲೆನೋವು, ಫಿಟ್ಸ್, ಒಂದು ಕೈ ಸೋಲುವುದು ಮೆದುಳಿನ ಅಭಿಧಮನಿಯಲ್ಲಿ ಹೆಪ್ಪು ಕೂತ ಸೂಚನೆ ಆಗಿರಬಹುದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಇದನ್ನು ಕಂಡು ಬರೆಯುತ್ತ ಬಂದಿದ್ದಾರೆ. ಬಾಣಂತಿಗೆ ನೀರು ಕಡಿಮೆ ಕೊಡುವ ನಮ್ಮ ಹಳೆಯ ಪದ್ಧತಿ ರಕ್ತವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಅದನ್ನು ಬಿಡಬೇಕು. ಇಂಥ ಬಾಣಂತಿಯರಲ್ಲೂ ಈ ಪ್ರತಿಕಾಯವನ್ನು ಹುಡುಕುತ್ತಾರೆ.

ಮತ್ತೊಂದು ಸುಳಿವು ತಾಯಿ ಕಾರ್ಡಿನಲ್ಲೇ ಸಿಗಬಹುದು. ಬಸುರಿಯರಿಗೆ ಮಾಡುವ ವಿ.ಡಿ.ಆರ್.ಎಲ್. ಪರೀಕ್ಷೆ ಸಿಫಿಲಿಸ್ ಪತ್ತೆಗೆ ಇರುವಂಥದ್ದು. ಅದರಲ್ಲಿ ಬಳಸುವ ಕಾರ್ಡಿಯೋಲಿಪಿನ್ ಸಹ ಒಂದು ಫಾಸ್ಫೋಲಿಪಿಡ್. ಆದ್ದರಿಂದ ಸಿಫಿಲಿಸ್ ಇಲ್ಲದಿದ್ದರೂ ಈ ಬಗೆಯ ಪ್ರತಿಕಾಯ ಇರುವವರಿಗೆ ವಿ.ಡಿ.ಆರ್.ಎಲ್. ಪಾಸಿಟಿವ್ ಬರುವುದುಂಟು. ಟಿ.ಪಿ.ಎಚ್.ಎ. ಎಂಬ ಎರಡನೇ ಪರೀಕ್ಷೆ ಮಾಡಿ ಖಚಿತಪಡಿಸಿಕೊಳ್ಳದೆ ಆ ಒಂದು ಚೀಟಿ ನೋಡಿ ಗಂಡ ಹೆಂಡಿರ ನಡುವೆ ಅನುಮಾನ ಹುಟ್ಟಿಸುವುದು ದೊಡ್ಡ ಅನ್ಯಾಯ.

ಈಗ ರಕ್ತ ಹೆಪ್ಪುಗಟ್ಟುವ ಬಗೆ. ಹಾಲಿಗೆ ಹಾಕುವುದೂ ಹೆಪ್ಪು, ರಕ್ತ ಕಟ್ಟುವುದೂ ಹೆಪ್ಪು. ನಮ್ಮ ಭಾಷೆ ಎರಡಕ್ಕೂ ಒಂದೇ ಮಾತು ಇಟ್ಟಿದೆ. ಆದರೆ ರಕ್ತದ ಹೆಪ್ಪಿಗೆ ಹತ್ತಾರು ಹಂತಗಳಿವೆ. ವಿಶ್ವೇಶ್ವರಯ್ಯ ನಾಲೆಯ ನೀರು ಗದ್ದೆಗೆ ಬರುವುದನ್ನು ನೆನೆಯಿರಿ. ಒಂದು ತೂಬು ಎತ್ತಿದರೆ ಉಪನಾಲೆಗೆ ನೀರು, ಅಲ್ಲಿನ ತೂಬು ಎತ್ತಿದರೆ ಕಿರುಗಾಲುವೆಗೆ, ಆಮೇಲೆ ಗದ್ದೆಗೆ. ರಕ್ತದಲ್ಲೂ ಒಂದು ಪ್ರೋಟೀನ್ ಇನ್ನೊಂದನ್ನು ಎಬ್ಬಿಸುತ್ತ ಹೋಗುತ್ತದೆ. ಇವುಗಳಿಗೆ ಫ್ಯಾಕ್ಟರ್‌ಗಳೆಂದು ಹೆಸರು, ಒಂದೊಂದಕ್ಕೂ ಒಂದು ಸಂಖ್ಯೆ. ಎರಡು ಬೇರೆ ಬೇರೆ ಕಾಲುವೆಗಳಿಂದ ಹರಿದು ಬಂದ ಕ್ರಿಯೆ ಹತ್ತನೇ ಫ್ಯಾಕ್ಟರ್ ಬಳಿ ಕೂಡಿ ಒಂದಾಗುತ್ತದೆ. ಅಲ್ಲಿಂದ ಮುಂದೆ ಥ್ರಾಂಬಿನ್, ಕೊನೆಗೆ ಫೈಬ್ರಿನ್ ಎಂಬ ನೂಲು. ಆ ನೂಲಿನ ಬಲೆಯೇ ಹೆಪ್ಪು.

ಈ ಕೆಲಸದ ಮುಖ್ಯ ಹಂತಗಳು ನಡೆಯಲು ಕೂರುವ ಜಾಗ ಬೇಕು. ಜೀವಕೋಶಗಳ ಹೊರಪದರದಲ್ಲಿರುವ ಫಾಸ್ಫೋಲಿಪಿಡ್ ಎಂಬ ಕೊಬ್ಬೇ ಆ ಜಗಲಿ. ಲೂಪಸ್ ಆ್ಯಂಟಿಕೋಯಾಗ್ಯುಲೆಂಟ್ ಎಂಬ ಪ್ರತಿಕಾಯಗಳು ಬೀಟಾ-2 ಗ್ಲೈಕೋಪ್ರೋಟೀನ್, ಪ್ರೋಥ್ರಾಂಬಿನ್ ಎಂಬ ಪ್ರೋಟೀನ್‌ಗಳನ್ನು ಹಿಡಿದುಕೊಂಡು ಆ ಜಗಲಿಯ ಮೇಲೇ ಕುಳಿತುಬಿಡುತ್ತವೆ. ಟ್ಯೂಬಿನಲ್ಲಿ ನಾವು ಬೇಕೆಂದೇ ಪುಟ್ಟ ಜಗಲಿ ಕೊಟ್ಟರೆ ಕೆಲಸ ಮಾಡಬೇಕಾದ ಫ್ಯಾಕ್ಟರ್‌ಗಳಿಗೆ ಜಾಗ ಸಾಲದೆ ಹೆಪ್ಪು ತಡವಾಗುತ್ತದೆ. ಮೈಯೊಳಗೆ ಜಗಲಿಗೆ ಬರವಿಲ್ಲ. ಅಲ್ಲಿ ಇವೇ ಪ್ರತಿಕಾಯಗಳು ಪ್ಲೇಟ್‌ಲೆಟ್‌ಗಳನ್ನು, ರಕ್ತನಾಳದ ಒಳಗೋಡೆಯನ್ನು, ಬಸುರಿಯರಲ್ಲಿ ಮಾಸನ್ನು ಕೆರಳಿಸುತ್ತವೆ. ಹೆಪ್ಪು ಕೂರುವುದು ಹಾಗೆ.

ಇದನ್ನು ನೇರವಾಗಿ ಎಣಿಸುವ ಪರೀಕ್ಷೆ ಇಲ್ಲ. ಸಕ್ಕರೆ ಇಷ್ಟು, ಹಿಮೋಗ್ಲೋಬಿನ್ ಇಷ್ಟು ಎನ್ನುವಂತೆ ಒಂದು ಸಂಖ್ಯೆ ಸಿಗದು. ಹೆಪ್ಪುಗಟ್ಟಲು ಹಿಡಿದ ಸೆಕೆಂಡುಗಳನ್ನು ಅಳೆದು, ಆ ತಡಕ್ಕೆ ಕಾರಣ ಪ್ರತಿಕಾಯವೇ, ಬೇರೆಯೇ ಎಂದು ಒಂದೊಂದಾಗಿ ಬಿಡಿಸಿ ನೋಡಬೇಕು. ಅಂತರರಾಷ್ಟ್ರೀಯ ತಜ್ಞರ ಸಂಘ 2009ರಲ್ಲಿ, ಮತ್ತೆ 2020ರಲ್ಲಿ ಕೊಟ್ಟ ಮಾರ್ಗಸೂಚಿ ಎರಡು ಬೇರೆ ಬೇರೆ ಪರೀಕ್ಷೆಗಳನ್ನು ಒಟ್ಟಿಗೇ ಮಾಡಬೇಕು ಎನ್ನುತ್ತದೆ. ಒಂದು ಎ.ಪಿ.ಟಿ.ಟಿ. ಎಂಬ ಹಳೆಯ ಪರೀಕ್ಷೆಯದ್ದೇ ಒಂದು ಬಗೆ: ಫಾಸ್ಫೋಲಿಪಿಡ್ ಕಡಿಮೆ ಇರುವ, ಸಿಲಿಕಾ ಬಳಸುವ ರಾಸಾಯನಿಕದಿಂದ ಮಾಡುವಂಥದ್ದು. ಆಪರೇಷನ್‌ಗೆ ಮುಂಚೆ ಮಾಡಿಸುವ ಸಾಮಾನ್ಯ ಎ.ಪಿ.ಟಿ.ಟಿ. ಸರಿಯಿದ್ದ ಮಾತ್ರಕ್ಕೆ ಈ ಪ್ರತಿಕಾಯ ಇಲ್ಲ ಎನ್ನಲಾಗದು.

ಇನ್ನೊಂದು ನಮ್ಮ ಕೊಳಕುಮಂಡಲದ್ದು. ಇಂಗ್ಲಿಷರು ಈ ಹಾವಿಗೆ ರಸೆಲ್ಲನ ಹೆಸರಿಟ್ಟರು. ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಪ್ಯಾಟ್ರಿಕ್ ರಸೆಲ್ ಕೋರಮಂಡಲ ತೀರದ ಹಾವುಗಳ ಬಗ್ಗೆ ಬರೆದ ಪುಸ್ತಕ ಹೊರಬಂದದ್ದು 1796ರಲ್ಲಿ, ಶ್ರೀರಂಗಪಟ್ಟಣದ ಕೋಟೆ ಬೀಳುವುದಕ್ಕೆ ಮೂರು ವರ್ಷ ಮೊದಲು. 1934ರಲ್ಲಿ ಲಂಡನ್ನಿನ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಕುಸುಮ (ಹಿಮೋಫಿಲಿಯಾ) ರೋಗಿಗಳ ರಕ್ತಸ್ರಾವ ನಿಲ್ಲಿಸಲು ಈ ವಿಷವನ್ನೇ ತೆಳುಗೊಳಿಸಿ ಗಾಯಕ್ಕೆ ಹಚ್ಚಿ ನೋಡಿದರು. ಕಚ್ಚಿದಾಗ ರಕ್ತಸ್ರಾವ ತರುವ ವಿಷ ಹೆಪ್ಪುಗಟ್ಟಿಸಲು ಹೇಗೆ ಬಂತು? ಈ ವಿಷ ಹತ್ತನೇ ಫ್ಯಾಕ್ಟರನ್ನು, ಜೊತೆಗೆ ಐದನೆಯದನ್ನು ನೇರವಾಗಿ ಎಬ್ಬಿಸುತ್ತದೆ. ಹಾವು ಕಚ್ಚಿದವರ ಮೈಯಲ್ಲಿ ಎಲ್ಲೆಡೆ ಒಮ್ಮೆಗೇ ಹೆಪ್ಪುಗಟ್ಟುವ ಕ್ರಿಯೆ ಶುರುವಾಗಿ ಇದ್ದ ಫ್ಯಾಕ್ಟರ್‌ಗಳೆಲ್ಲ ಖರ್ಚಾಗಿ ಹೋಗುತ್ತವೆ, ಆಮೇಲೆ ರಕ್ತ ನಿಲ್ಲುವುದೇ ಇಲ್ಲ. ಟ್ಯೂಬಿನಲ್ಲಿ ಅದೇ ಗುಣವನ್ನು ಒಂದು ಹನಿಯ ಲೆಕ್ಕದಲ್ಲಿ ಬಳಸುತ್ತೇವೆ. ಎರಡು ಕಾಲುವೆ ಕೂಡುವ ತೂಬನ್ನೇ ವಿಷ ನೇರವಾಗಿ ಎತ್ತಿಬಿಡುವುದರಿಂದ ಮೇಲ್ಗಡೆಯ ಕಾಲುವೆಗಳಲ್ಲಿ ಏನು ಕೊರತೆ ಇದ್ದರೂ ಅಡ್ಡಿಯಿಲ್ಲ. ಎಂಟನೇ ಫ್ಯಾಕ್ಟರ್ ಇಲ್ಲದ ಕುಸುಮ ರೋಗಿಯ ರಕ್ತವೂ ಇಲ್ಲಿ ಸರಿಯಾದ ಹೊತ್ತಿಗೆ ಹೆಪ್ಪುಗಟ್ಟುತ್ತದೆ. ಹೀಗಿದ್ದೂ ತಡವಾಯಿತೆಂದರೆ ಅನುಮಾನದ ಪಟ್ಟಿ ಚಿಕ್ಕದಾಗುತ್ತದೆ. ತೆಳುಗೊಳಿಸಿದ ವಿಷದ ಈ ಪರೀಕ್ಷೆಯನ್ನು ಲೂಪಸ್ ಆ್ಯಂಟಿಕೋಯಾಗ್ಯುಲೆಂಟ್ ಪತ್ತೆಗೆ ಬಳಸಬಹುದೆಂದು 1986ರಲ್ಲಿ ತೋರಿಸಿದವರು ತ್ಯಾಗರಾಜನ್, ಪೆಂಗೊ, ಶಾಪಿರೊ. ರಿಪೋರ್ಟಿನಲ್ಲಿ ಇದು ಡಿ.ಆರ್.ವಿ.ವಿ.ಟಿ. ಎಂದು ಕಾಣುತ್ತದೆ.

ಎರಡೂ ಪರೀಕ್ಷೆಯಲ್ಲಿ ಮೂರು ಹೆಜ್ಜೆ. ಮೊದಲು ಫಾಸ್ಫೋಲಿಪಿಡ್ ಕಡಿಮೆ ಇಟ್ಟು ನೋಡುತ್ತಾರೆ. ತಡವಾದರೆ, ರೋಗಿಯ ಪ್ಲಾಸ್ಮಾ (ರಕ್ತಕಣಗಳನ್ನು ತೆಗೆದ ಮೇಲೆ ಉಳಿಯುವ ದ್ರವ) ಒಂದು ಪಾಲು, ಹಲವು ಆರೋಗ್ಯವಂತರ ಪ್ಲಾಸ್ಮಾ ಕೂಡಿಸಿದ್ದು ಒಂದು ಪಾಲು ಬೆರೆಸಿ ಮತ್ತೆ ನೋಡುತ್ತಾರೆ. ಯಾವುದೋ ಫ್ಯಾಕ್ಟರ್ ಕೊರತೆಯಿಂದ ತಡವಾಗಿದ್ದರೆ ಆರೋಗ್ಯವಂತರ ಪ್ಲಾಸ್ಮಾ ಅದನ್ನು ತುಂಬಿಕೊಡುತ್ತದೆ, ಸಮಯ ಸರಿಹೋಗುತ್ತದೆ. ಪ್ರತಿಕಾಯ ಇದ್ದರೆ ಅದು ಬೆರೆಸಿದ ಒಳ್ಳೆಯ ಪ್ಲಾಸ್ಮಾವನ್ನೂ ತಡೆಯುತ್ತದೆ, ಸಮಯ ಸರಿಹೋಗದು. ಮೂರನೆಯ ಹೆಜ್ಜೆಯಲ್ಲಿ ಫಾಸ್ಫೋಲಿಪಿಡ್ ಧಾರಾಳವಾಗಿ ಹಾಕುತ್ತಾರೆ. ಜಗಲಿ ದೊಡ್ಡದಾಯಿತು. ಪ್ರತಿಕಾಯ ಒಂದು ಮೂಲೆಯಲ್ಲಿ ಕೂತರೂ ಉಳಿದವರಿಗೆ ಜಾಗವಿದೆ, ಹೆಪ್ಪು ಬೇಗ ಆಗುತ್ತದೆ. ಕಡಿಮೆ ಇದ್ದಾಗ ತಡ, ಹೆಚ್ಚು ಹಾಕಿದಾಗ ಬೇಗ: ಲೂಪಸ್ ಆ್ಯಂಟಿಕೋಯಾಗ್ಯುಲೆಂಟ್‌ನ ಗುರುತೇ ಅದು.

ರಿಪೋರ್ಟ್ ಓದಲು ಒಂದು ಉದಾಹರಣೆ. ಮೊದಲ ಹೆಜ್ಜೆಯಲ್ಲಿ ರೋಗಿಯದ್ದು 62 ಸೆಕೆಂಡು, ಸಾಮಾನ್ಯ ಪ್ಲಾಸ್ಮಾದ್ದು 36. ಭಾಗಿಸಿದರೆ 1.72. ಕೊನೆಯ ಹೆಜ್ಜೆಯಲ್ಲಿ 38 ಮತ್ತು 34, ಅಂದರೆ 1.12. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 1.54. ಹಲವು ಕಡೆ 1.2 ದಾಟಿದರೆ ಪಾಸಿಟಿವ್ ಎನ್ನುತ್ತಾರೆ. ಆದರೆ ಈ ಗೆರೆಯನ್ನು ಪ್ರತಿ ಪ್ರಯೋಗಾಲಯವೂ ತನ್ನ ಯಂತ್ರ, ತನ್ನ ರಾಸಾಯನಿಕಕ್ಕೆ ತಕ್ಕಂತೆ ಆರೋಗ್ಯವಂತರ ರಕ್ತ ಪರೀಕ್ಷಿಸಿ ತಾನೇ ಎಳೆದುಕೊಳ್ಳಬೇಕು. ನೂರು ಆರೋಗ್ಯವಂತರಲ್ಲಿ 99 ಮಂದಿ ಆ ಗೆರೆಯ ಕೆಳಗೇ ಇರಬೇಕು. ಹಾಗಾಗಿ ಒಂದು ಲ್ಯಾಬಿನ 1.3ನ್ನು ಇನ್ನೊಂದು ಲ್ಯಾಬಿನ 1.3ರೊಂದಿಗೆ ಹೋಲಿಸಬೇಡಿ. ಎರಡು ಪರೀಕ್ಷೆಗಳಲ್ಲಿ ಒಂದು ಪಾಸಿಟಿವ್ ಬಂದರೂ ಲೂಪಸ್ ಆ್ಯಂಟಿಕೋಯಾಗ್ಯುಲೆಂಟ್ ಇದೆ ಎಂದೇ ಲೆಕ್ಕ. ಒಳ್ಳೆಯ ರಿಪೋರ್ಟ್ ಬರೀ ಸಂಖ್ಯೆಗಳಲ್ಲಿ ನಿಲ್ಲುವುದಿಲ್ಲ. ಇದೆ, ಇಲ್ಲ, ಅಥವಾ ಈ ಸ್ಯಾಂಪಲ್‌ನಲ್ಲಿ ಹೇಳಲಾಗದು ಎಂದು ಒಂದು ಸಾಲು ಬರೆದಿರುತ್ತದೆ. ಆ ಸಾಲು ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಇನ್ನು ದಾರಿಯ ವಿಷಯ. ನನಗೆ ಹೆಚ್ಚು ಕಾಳಜಿ ಇರುವುದು ಇಲ್ಲಿ.

ರಕ್ತ ತೆಗೆಯುವುದು ನೀಲಿ ಮುಚ್ಚಳದ ಟ್ಯೂಬಿಗೆ. ಅದರಲ್ಲಿ ಹೆಪ್ಪುಗಟ್ಟದಂತೆ ತಡೆಯುವ 3.2 ಶೇಕಡಾ ಸಿಟ್ರೇಟ್ ದ್ರವ ಮೊದಲೇ ಇರುತ್ತದೆ. ರಕ್ತ ಒಂಬತ್ತು ಪಾಲು, ಸಿಟ್ರೇಟ್ ಒಂದು ಪಾಲು: ಈ ಅಳತೆ ಕೆಡಬಾರದು. 2.7 ಮಿಲಿ ರಕ್ತ ಬೇಕಾದ ಟ್ಯೂಬಿಗೆ ನರ ಸಿಗಲಿಲ್ಲವೆಂದು ಒಂದೂವರೆ ಮಿಲಿ ಹಾಕಿ ಕಳಿಸಿದರೆ ಸಿಟ್ರೇಟ್ ಹೆಚ್ಚಾಗಿ, ಕಾಯಿಲೆ ಇಲ್ಲದವರ ರಕ್ತವೂ ತಡವಾಗಿ ಹೆಪ್ಪುಗಟ್ಟುತ್ತದೆ. ಟ್ಯೂಬಿನ ಮೇಲೆ ಗೆರೆ ಇದೆ, ಅಲ್ಲಿಯವರೆಗೆ ತುಂಬಬೇಕು. ತುಂಬಿದ ಕೂಡಲೇ ನಾಲ್ಕೈದು ಸಲ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಬೇಕು, ಕುಲುಕಬಾರದು. ಐಸಿನ ಮೇಲೆ ಇಡಬಾರದು, ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯಲ್ಲೂ ಇಡಬಾರದು. ಕೋಣೆಯ ತಂಪಿನಲ್ಲಿ, ನಿಲ್ಲಿಸಿ, ನಾಲ್ಕು ಗಂಟೆಯೊಳಗೆ ಪ್ಲಾಸ್ಮಾ ಬೇರೆ ಮಾಡಬೇಕು.

ಬೇರೆ ಮಾಡುವುದೂ ಒಂದೇ ಸಲವಲ್ಲ. ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಸುಮಾರು 15 ನಿಮಿಷ ತಿರುಗಿಸಿ, ಮೇಲೆ ನಿಂತ ತಿಳಿಯಾದ ಪ್ಲಾಸ್ಮಾವನ್ನು ಇನ್ನೊಂದು ಪ್ಲಾಸ್ಟಿಕ್ ಟ್ಯೂಬಿಗೆ ತೆಗೆದು, ಮತ್ತೆ ಅಷ್ಟೇ ಹೊತ್ತು ತಿರುಗಿಸಬೇಕು. ಕೊನೆಗೆ ಪ್ರತಿ ಮೈಕ್ರೋಲೀಟರಿನಲ್ಲಿ 10,000ಕ್ಕಿಂತ ಕಡಿಮೆ ಪ್ಲೇಟ್‌ಲೆಟ್ ಉಳಿದಿರಬೇಕು. ಯಾಕಿಷ್ಟು ಹಟ? ಪ್ಲೇಟ್‌ಲೆಟ್‌ನ ಹೊರಪದರವೇ ಫಾಸ್ಫೋಲಿಪಿಡ್. ಉಳಿದ ಪ್ಲೇಟ್‌ಲೆಟ್‌ಗಳು ಫ್ರೀಜ್ ಮಾಡಿ ಕರಗಿಸಿದಾಗ ಒಡೆಯುತ್ತವೆ, ಪುಟ್ಟದಾಗಿರಬೇಕಿದ್ದ ಜಗಲಿ ತಾನಾಗಿಯೇ ದೊಡ್ಡದಾಗುತ್ತದೆ, ಪ್ರತಿಕಾಯ ಅಡಗಿಕೊಳ್ಳುತ್ತದೆ. ರಿಪೋರ್ಟ್ ನೆಗೆಟಿವ್ ಬರುತ್ತದೆ. ಕಿಕ್ಕೇರಿಯ ಆ ಹೆಣ್ಣುಮಗಳು "ಏನೂ ಇಲ್ಲವಂತೆ" ಎಂದು ಮನೆಗೆ ಹೋಗುತ್ತಾಳೆ. ನಾಲ್ಕನೇ ಗರ್ಭವೂ ಹೋಗುತ್ತದೆ. ಎರಡನೇ ಸಲ ತಿರುಗಿಸದೇ ಉಳಿಸಿದ ಹದಿನೈದು ನಿಮಿಷದ ಬೆಲೆ ಅದು.

ಈಗ ನಮ್ಮ ಊರುಗಳ ದಿನಚರಿ ನೋಡಿ. ಪಟ್ಟಣದ ಕಲೆಕ್ಷನ್ ಸೆಂಟರಿನಲ್ಲಿ ಬೆಳಿಗ್ಗೆ ಎಂಟಕ್ಕೆ ರಕ್ತ ಕೊಟ್ಟರೆ, ಸ್ಯಾಂಪಲ್ ಒಯ್ಯುವ ಹುಡುಗ ಬರುವುದು ಮಧ್ಯಾಹ್ನವೋ ಸಂಜೆಯೋ. ಅಲ್ಲಿಂದ ಅದು ಮೈಸೂರಿಗೆ, ಮೈಸೂರಿನಿಂದ ರಾತ್ರಿ ಬೆಂಗಳೂರಿಗೆ. ಸಕ್ಕರೆ, ಥೈರಾಯ್ಡ್ ಪರೀಕ್ಷೆಗೆ ಈ ಪಯಣ ನಡೆದೀತು. ಲೂಪಸ್ ಆ್ಯಂಟಿಕೋಯಾಗ್ಯುಲೆಂಟ್‌ಗೆ ನಡೆಯದು. ಅಲ್ಲೇ ಎರಡು ಸಲ ತಿರುಗಿಸಿ, ಫ್ರೀಜರಿನಲ್ಲಿ ಫ್ರೀಜ್ ಮಾಡಿ, ಡ್ರೈ ಐಸಿನಲ್ಲಿ ದಾರಿಯುದ್ದಕ್ಕೂ ಕರಗದಂತೆ ಕಳಿಸುವ ವ್ಯವಸ್ಥೆ ಇದ್ದರೆ ಸರಿ. ನಡುದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾದ ಪ್ಲಾಸ್ಮಾ ಪರೀಕ್ಷೆಗೆ ಬಾರದು. ತಾನೇ ಹಿಮ ಕರಗಿಸಿಕೊಳ್ಳುವ ಮನೆಯ ಫ್ರಿಜ್ಜಿನಂಥ ಫ್ರೀಜರೂ ಸಲ್ಲದು.

ನನ್ನ ಸಲಹೆ ನೇರವಾದದ್ದು: ರಕ್ತವನ್ನು ಕಳಿಸಬೇಡಿ, ನೀವೇ ಹೋಗಿ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರಿನ ರೈಲು ಊರ ಬಾಗಿಲಲ್ಲೇ ಇದೆ. ಕೆ.ಆರ್.ಪೇಟೆಯವರಿಗೆ ಬಸ್ಸು, ಅಕ್ಕಿಹೆಬ್ಬಾಳು ಕಡೆಯವರಿಗೆ ಅರಸೀಕೆರೆ–ಮೈಸೂರು ರೈಲು. ನಾಗಮಂಗಲದವರು ಬೆಳ್ಳೂರು ಕ್ರಾಸಿಗೆ ಹೋದರೆ ಬೆಂಗಳೂರಿನ ದಾರಿ ಸಿಗುತ್ತದೆ. ಜಿಲ್ಲೆಯೊಳಗೆ ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಹೆಂಗಸರಿಗೆ ಚೆಲುವಾಂಬ ಇವೆ. ಹೊರಡುವ ಮುಂಚೆ ಫೋನ್ ಮಾಡಿ ಎರಡು ಮಾತು ಕೇಳಿ: ಈ ಪರೀಕ್ಷೆ ನಿಮ್ಮಲ್ಲೇ ಮಾಡುತ್ತೀರೋ, ಹೊರಗೆ ಕಳಿಸುತ್ತೀರೋ? ಹೊರಗೆ ಕಳಿಸುವುದಾದರೆ ಪ್ಲಾಸ್ಮಾವನ್ನು ಎರಡು ಸಲ ತಿರುಗಿಸಿ ಫ್ರೀಜ್ ಮಾಡುತ್ತೀರೋ? ಈ ಎರಡನೆಯ ಪ್ರಶ್ನೆಗೆ ತಡವರಿಸುವ ಜಾಗದಲ್ಲಿ ರಕ್ತ ಕೊಡದಿರುವುದೇ ಮೇಲು. ಕೇಳುವುದಕ್ಕೆ ಸಂಕೋಚ ಬೇಡ. ಹಣ ನಿಮ್ಮದು, ಗರ್ಭವೂ ನಿಮ್ಮದು.

ದಾರಿಯಷ್ಟೇ ತೊಂದರೆ ಕೊಡುವುದು ಮಾತ್ರೆ ಮತ್ತು ಇಂಜೆಕ್ಷನ್. ಕಾಲು ಊದಿಕೊಂಡು ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆ ಹೆಪ್ಪು ತಡೆಯುವ ಹೆಪಾರಿನ್ ಕೊಟ್ಟು ಮೈಸೂರಿಗೆ ಕಳಿಸುತ್ತಾರೆ. ಸರಿಯಾದ ಕೆಲಸವೇ. ಪರೀಕ್ಷೆಗೋಸ್ಕರ ಚಿಕಿತ್ಸೆ ನಿಲ್ಲಬಾರದು. ಅನುಕೂಲವಿದ್ದು, ಇಂಜೆಕ್ಷನ್‌ಗೆ ಮುಂಚೆ ರಕ್ತ ತೆಗೆದು ಪ್ಲಾಸ್ಮಾ ಎತ್ತಿಡಲು ಆದರೆ ಬಹಳ ಒಳ್ಳೆಯದು. ಆಗದಿದ್ದರೆ, ದಿನಕ್ಕೊಂದೆರಡು ಸಲ ಹೊಟ್ಟೆಗೆ ಚುಚ್ಚುವ ಹೆಪಾರಿನ್ ಆದಲ್ಲಿ, ಕೊನೆಯ ಡೋಸ್ ಕೊಟ್ಟು ಕನಿಷ್ಠ 12 ಗಂಟೆ ಆದಮೇಲೆ ರಕ್ತ ತೆಗೆಯಬೇಕು. ವಾರ್ಫರಿನ್, ಅಸಿಟ್ರೋಮ್ ಮಾತ್ರೆ ನುಂಗುತ್ತಿರುವವರಲ್ಲಿ ಫ್ಯಾಕ್ಟರ್‌ಗಳೇ ಕಡಿಮೆ ಇರುವುದರಿಂದ ಲೆಕ್ಕ ಕೆಡುತ್ತದೆ. ರಿವಾರೋಕ್ಸಬಾನ್, ಅಪಿಕ್ಸಬಾನ್, ಡಾಬಿಗಾಟ್ರಾನ್‌ನಂಥ ಹೊಸ ಮಾತ್ರೆಗಳು ಇನ್ನೂ ಮೋಸಗಾರ. ರಿವಾರೋಕ್ಸಬಾನ್ ತೆಗೆದುಕೊಂಡವರ ರಕ್ತದಲ್ಲಿ ಡಿ.ಆರ್.ವಿ.ವಿ.ಟಿ. ಸುಳ್ಳೇ ಪಾಸಿಟಿವ್ ಬರಬಹುದು. ಮಾತ್ರೆಯ ಅಂಶವನ್ನು ಇದ್ದಿಲಿನಿಂದ ಹೀರಿ ತೆಗೆದು ಪರೀಕ್ಷಿಸುವ ಉಪಾಯ ಕೆಲವು ಪ್ರಯೋಗಾಲಯಗಳಲ್ಲಿದೆ. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಿ ಪರೀಕ್ಷೆಗೆ ಹೋಗಬಾರದು. ಯಾವ ಮಾತ್ರೆ, ಎಷ್ಟು, ಕೊನೆಯದಾಗಿ ಯಾವ ದಿನ ಯಾವ ಹೊತ್ತಿಗೆ ಎಂದು ಒಂದು ಚೀಟಿಯಲ್ಲಿ ಬರೆಸಿಕೊಂಡು ರಕ್ತ ತೆಗೆಯುವವರ ಕೈಗೆ ಕೊಡಿ. ರೆಫರಲ್ ಚೀಟಿ ಬರೆಯುವ ವೈದ್ಯರು ಹೆಪಾರಿನ್ ಕೊಟ್ಟ ಗಂಟೆಯನ್ನೂ ಬರೆದರೆ ಮುಂದಿನವರ ಅರ್ಧ ಕೆಲಸ ಮುಗಿಯಿತು.

ಮಾತ್ರೆ ತಿನ್ನುತ್ತಿರುವವರಿಗೂ ತೊಂದರೆಯಿಲ್ಲದೆ ಮಾಡಬಹುದಾದ ಎರಡು ಪರೀಕ್ಷೆಗಳಿವೆ: ಆ್ಯಂಟಿಕಾರ್ಡಿಯೋಲಿಪಿನ್ ಮತ್ತು ಬೀಟಾ-2 ಗ್ಲೈಕೋಪ್ರೋಟೀನ್ ಪ್ರತಿಕಾಯಗಳದ್ದು. ಇವು ಹೆಪ್ಪುಗಟ್ಟುವ ಸಮಯ ಅಳೆಯುವುದಿಲ್ಲ, ಪ್ರತಿಕಾಯವನ್ನೇ ಎಣಿಸುತ್ತವೆ. ಸ್ಯಾಂಪಲ್ ಕೂಡ ಅಷ್ಟು ನಾಜೂಕಲ್ಲ. ಲೂಪಸ್ ಆ್ಯಂಟಿಕೋಯಾಗ್ಯುಲೆಂಟ್ ಜೊತೆಗೆ ಈ ಎರಡನ್ನೂ ಮಾಡಿಸಲೇಬೇಕು. ಮೂರೂ ಪಾಸಿಟಿವ್ ಬಂದವರಿಗೆ ಹೆಪ್ಪುಗಟ್ಟುವ ಅಪಾಯ ಎಲ್ಲರಿಗಿಂತ ಹೆಚ್ಚು, ಅಂಥವರಿಗೆ ರಿವಾರೋಕ್ಸಬಾನ್ ಸಾಲದು. 2018ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದನ್ನು, ವಾರ್ಫರಿನ್ ಪಡೆದವರಿಗಿಂತ ಆ ಮಾತ್ರೆ ಪಡೆದವರಲ್ಲೇ ಹೆಚ್ಚು ತೊಂದರೆ ಕಂಡದ್ದರಿಂದ ಅರ್ಧಕ್ಕೇ ನಿಲ್ಲಿಸಿದರು. ರಕ್ತನಾಳ ಕಟ್ಟಿದವರಿಗೆ ವಾರ್ಫರಿನ್ ಅಥವಾ ಅಸಿಟ್ರೋಮ್ ಕೊಟ್ಟು ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗಿದೆ ಎಂದು ತೋರಿಸುವ ಐ.ಎನ್.ಆರ್. ಅನ್ನು ಸಾಮಾನ್ಯವಾಗಿ 2ರಿಂದ 3ರ ನಡುವೆ ಇಡುತ್ತಾರೆ. ಬಸಿರಾದಾಗ ಆ ಮಾತ್ರೆಗಳು ಮಗುವಿಗೆ ಕೆಡುಕು. ಆಗ ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ಹೆಪಾರಿನ್ ಚುಚ್ಚುಮದ್ದು. ಈ ಚಿಕಿತ್ಸೆಯಿಂದ ಮಗುವನ್ನು ಎತ್ತಿಕೊಂಡು ಮನೆಗೆ ಹೋದ ತಾಯಂದಿರು ಬಹಳ ಮಂದಿ. ಈ ಪರೀಕ್ಷೆ ಸರಿಯಾಗಿ ಆಗಲಿ ಎಂದು ನಾನು ಇಷ್ಟು ಹಟ ಹಿಡಿಯುವುದು ಅದಕ್ಕೇ.

ಒಂದು ಸಲ ಪಾಸಿಟಿವ್ ಬಂದರೆ ಕಾಯಿಲೆ ಇದೆಯೆಂದು ತೀರ್ಮಾನಿಸುವಂತಿಲ್ಲ. ವೈರಲ್ ಜ್ವರ, ಇನ್ಯಾವುದೋ ಸೋಂಕು, ಕೆಲವು ಔಷಧಗಳಿಂದ ಈ ಪ್ರತಿಕಾಯ ಕೆಲವು ವಾರ ಕಾಣಿಸಿಕೊಂಡು ಮಾಯವಾಗುವುದುಂಟು. ಮಕ್ಕಳಲ್ಲಂತೂ ನೆಗಡಿ ಜ್ವರದ ಬೆನ್ನಿಗೇ ಬಂದು ತಾನಾಗಿ ಹೋಗುತ್ತದೆ. 2020ರ ಕೋವಿಡ್ ಕಾಲದಲ್ಲಿ ಆಸ್ಪತ್ರೆಯಲ್ಲಿದ್ದ ಹಲವು ರೋಗಿಗಳಲ್ಲಿ ಇದು ಕಂಡಿತ್ತು. ಜ್ವರದ ಹೊತ್ತಿನಲ್ಲಿ ಏರುವ ಸಿ.ಆರ್.ಪಿ. ಎಂಬ ಪ್ರೋಟೀನ್ ಎ.ಪಿ.ಟಿ.ಟಿ. ಬಗೆಯ ಪರೀಕ್ಷೆಯನ್ನು ಸುಳ್ಳೇ ಪಾಸಿಟಿವ್ ಮಾಡಬಹುದು. ತದ್ವಿರುದ್ಧವಾಗಿ, ಬಸಿರಿನಲ್ಲಿ ಏರುವ ಎಂಟನೇ ಫ್ಯಾಕ್ಟರ್ ಅದೇ ಪರೀಕ್ಷೆಯಲ್ಲಿ ಪ್ರತಿಕಾಯವನ್ನು ಮರೆಮಾಡಬಹುದು. ಆದ್ದರಿಂದ ಮೈಯಲ್ಲಿ ಜ್ವರ ಇಲ್ಲದಾಗ, ಸಾಧ್ಯವಾದರೆ ಬಸಿರು ನಿಲ್ಲುವ ಮುಂಚೆಯೇ ಪರೀಕ್ಷೆ ಮಾಡಿಸುವುದು ಲೇಸು. ಪಾಸಿಟಿವ್ ಬಂದರೆ ಕನಿಷ್ಠ 12 ವಾರ ಬಿಟ್ಟು ಮತ್ತೊಮ್ಮೆ, ಸಾಧ್ಯವಾದರೆ ಅದೇ ಪ್ರಯೋಗಾಲಯದಲ್ಲಿ. ಎರಡೂ ಸಲ ಪಾಸಿಟಿವ್ ಆದರೆ ಮಾತ್ರ ಪ್ರತಿಕಾಯ ಮನೆ ಮಾಡಿಕೊಂಡಿದೆ ಎಂದು ತೀರ್ಮಾನ.

ಈ ಎರಡನೇ ಪರೀಕ್ಷೆಯೇ ನಮ್ಮ ಕಡೆ ತಪ್ಪಿಹೋಗುವುದು. ಕಟಾವು ಬಂತು, ಮದುವೆ ಬಂತು, ಮೇಲುಕೋಟೆ ವೈರಮುಡಿ ಬಂತು, ಮೊದಲ ರಿಪೋರ್ಟ್ ಎಲ್ಲಿಟ್ಟೆವೋ ಗೊತ್ತಿಲ್ಲ. ರಕ್ತ ಕೊಟ್ಟ ದಿನವೇ ಮನೆಯ ಕ್ಯಾಲೆಂಡರಿನಲ್ಲಿ ಹನ್ನೆರಡು ವಾರ ಎಣಿಸಿ, ಹದಿಮೂರನೇ ವಾರದ ಒಂದು ದಿನಕ್ಕೆ ಗುರುತು ಹಾಕಿ. ಹಳೆಯ ರಿಪೋರ್ಟು, ಸ್ಕ್ಯಾನಿಂಗ್ ಚೀಟಿ, ತಾಯಿ ಕಾರ್ಡು, ಮಾತ್ರೆಯ ಖಾಲಿ ಸ್ಟ್ರಿಪ್ಪು ಎಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಆ ದಿನ ಮೊದಲ ಬಸ್ಸಿಗೇ ಹೊರಡಿ. ಲ್ಯಾಬಿನವರು ಬೇರೆ ಪರೀಕ್ಷೆಗೂ ಸೇರಿಸಿ ತೆಗೆಯುವುದಾದರೆ ಹೊಟ್ಟೆ ಖಾಲಿ ಇರಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಇದೊಂದಕ್ಕೆ ಉಪವಾಸದ ಕಡ್ಡಾಯವಿಲ್ಲ, ಆದರೆ ಎಣ್ಣೆಯದ್ದು ತಿಂದು ಹೋದರೆ ಪ್ಲಾಸ್ಮಾ ಹಾಲಿನಂತೆ ಬಿಳಿಚಿಕೊಂಡು ಯಂತ್ರದ ಕಣ್ಣಿಗೆ ಅಡ್ಡಬರುತ್ತದೆ. ನೀರು ಕುಡಿದುಕೊಂಡೇ ಹೋಗಿ. ರಕ್ತ ತೆಗೆಯುವಾಗ ಟ್ಯೂಬಿನ ಮುಚ್ಚಳ ನೀಲಿಯದ್ದೇ, ಗೆರೆಯವರೆಗೆ ತುಂಬಿತೇ ಎಂದು ಒಂದು ಸಲ ನೋಡಿ, ನಿಮ್ಮ ಮಾತ್ರೆಯ ಚೀಟಿ ಆ ಟ್ಯೂಬಿನ ಜೊತೆಗೇ ಹೋಯಿತೆಂದು ಖಾತ್ರಿ ಮಾಡಿಕೊಂಡ ಮೇಲೆ ಎದ್ದು ಬನ್ನಿ.